ನೂಲಿಗೆ ಬಣ್ಣ, ದೇಹಕ್ಕೆ ಅಪಾಯ

ಬೆಂಗಳೂರಿನ ಕಬ್ಬನ್‌ಪೇಟೆಯಂಥ ಹಳೆಯ ಬೀದಿಗಳಲ್ಲಿ ರೇಷ್ಮೆ, ಹತ್ತಿ ನೂಲಿಗೆ ಬಣ್ಣ ಹಾಕುವುದು ಬಹುಕಾಲದ ಕಸುಬು. ಕೆಲವೆಡೆ ಮನೆಯೇ ಕಾರ್ಖಾನೆ. ಬಿಸಿ ಬಣ್ಣದ ನೀರಿನಲ್ಲಿ ನೂಲಿನ ಲಡಿಗಳನ್ನು ತಿರುವುವವರ ಕೈ ಸದಾ ಬಣ್ಣಮಯ. ಅದು ತೊಳೆದರೆ ಹೋಗುತ್ತದೆಂಬ ನಂಬಿಕೆ ಸಾಮಾನ್ಯ. ಆದರೆ ಚರ್ಮ, ಉಸಿರು ಮತ್ತು ಊಟದ ಮೂಲಕ ಒಳಗೆ ಸೇರಿದ ಬಣ್ಣ ತೊಳೆದರೆ ಹೋಗುವಂಥದಲ್ಲ.

1895ರಲ್ಲಿ ಜರ್ಮನಿಯ ಶಸ್ತ್ರವೈದ್ಯ ಲುಡ್ವಿಗ್ ರೆನ್, ಬಣ್ಣ ತಯಾರಿಸುವ ಕಾರ್ಖಾನೆಯ ಕಾರ್ಮಿಕರಲ್ಲಿ ಮೂತ್ರಕೋಶದ ಗೆಡ್ಡೆಗಳನ್ನು ಗುರುತಿಸಿದರು. ಬೆಂಜಿಡಿನ್‌ನಂಥ ರಾಸಾಯನಿಕಗಳು ಮೂತ್ರಕೋಶದ ಕ್ಯಾನ್ಸರ್‌ಗೆ ಕಾರಣವೆಂಬುದು ಮುಂದೆ ಖಚಿತವಾಯಿತು. ಕೆಲವು ಅಜೋ ಬಣ್ಣಗಳು ದೇಹದೊಳಗೆ ಒಡೆದು ಇಂಥವೇ ಆಗುತ್ತವೆ. ಭಾರತದಲ್ಲಿ 1990ರ ದಶಕದಲ್ಲಿ ಇಂಥ 112 ಬಣ್ಣಗಳನ್ನು ನಿಷೇಧಿಸಲಾಯಿತು. ಆದ್ದರಿಂದ ತಯಾರಕರ ಹೆಸರಿಲ್ಲದ ಪೊಟ್ಟಣದ ಪುಡಿಯನ್ನು ಅಗ್ಗವೆಂದು ಕೊಳ್ಳಬೇಡಿ.

ಈ ಕಾಯಿಲೆ ಕಾಣಿಸಿಕೊಳ್ಳಲು ಇಪ್ಪತ್ತು ವರ್ಷವೂ ಹಿಡಿಯಬಹುದು. ಅಷ್ಟರಲ್ಲಿ ಕಸುಬು ಬಿಟ್ಟು ಮಗನ ಅಂಗಡಿಯಲ್ಲಿ ಕುಳಿತಿರುವವರೂ ಇರುತ್ತಾರೆ! ಮುಖ್ಯ ಲಕ್ಷಣ, ನೋವಿಲ್ಲದೆ ಮೂತ್ರದಲ್ಲಿ ರಕ್ತ ಹೋಗುವುದು. ಒಮ್ಮೆ ಕಂಡು ತಾನಾಗಿ ನಿಂತುಬಿಡುವುದೂ ಉಂಟು. 'ಉಷ್ಣ' ಎಂದು ಎಳನೀರು ಕುಡಿದು ಸುಮ್ಮನಾಗುವುದು ಇಲ್ಲೇ. ಹಾಗೆ ಮಾಡದೆ ಕೂಡಲೇ ವೈದ್ಯರ ಬಳಿ ಹೋಗಿ, ಅವರು ಕೇಳದಿದ್ದರೂ ಹಳೆಯ ಕಸುಬನ್ನು ತಿಳಿಸಿ. ಬೇಗ ಪತ್ತೆಯಾದರೆ ಚಿಕಿತ್ಸೆ ಸುಲಭ. ಬೀಡಿ, ಸಿಗರೇಟು ಸೇದುವವರಿಗೆ ಅಪಾಯ ಇನ್ನೂ ಹೆಚ್ಚು.

ಹತ್ತಿಗೆ ಬಳಸುವ ರಿಯಾಕ್ಟಿವ್ ಬಣ್ಣಗಳದು ಬೇರೆ ತೊಂದರೆ. ಅವುಗಳ ಪುಡಿ ಉಸಿರಿಗೆ ಸೇರಿ ಕೆಲವರಿಗೆ ಸೀನು, ಉಬ್ಬಸ ಶುರುವಾಗುತ್ತದೆ. ರಜೆಯಲ್ಲಿ ಕಡಿಮೆಯಾಗಿ, ಕೆಲಸಕ್ಕೆ ಮರಳಿದೊಡನೆ ಹೆಚ್ಚಾಗುವ ಉಬ್ಬಸಕ್ಕೆ ಕಾರಣ ಬಣ್ಣವೇ ಇರಬಹುದು. ಪುಡಿಯನ್ನು ಫ್ಯಾನಿನ ಕೆಳಗೆ ತೂಗಬೇಡಿ. ದೂಳು ತಡೆಯುವ ಮಾಸ್ಕ್, ಉದ್ದನೆಯ ರಬ್ಬರ್ ಗ್ಲೌಸ್ ಧರಿಸಿ. ಬಣ್ಣ ತೂಗಿದ ಲೋಟ, ಚಮಚ ಅಡುಗೆಮನೆಗೆ ಬರಲೇಬಾರದು. ಕೆಲಸದ ಬಟ್ಟೆಯನ್ನು ಮಕ್ಕಳ ಬಟ್ಟೆಯೊಡನೆ ನೆನೆಸುವುದೂ ಬೇಡ.

ನೂಲಿಗೆ ಹಿಡಿಯದ ಬಣ್ಣ, ಉಪ್ಪು, ಸೋಡಾ ಎಲ್ಲವೂ ಚರಂಡಿಯ ಪಾಲು. ಅಲ್ಲಿಂದ ರಾಜಕಾಲುವೆಗಳ ಮೂಲಕ ಬೆಳ್ಳಂದೂರು ಕೆರೆಯ ಕಡೆಗೋ ವೃಷಭಾವತಿಯ ಕಡೆಗೋ ಹರಿಯುತ್ತದೆ. ಸಾಮಾನ್ಯ ಒಳಚರಂಡಿ ಶುದ್ಧೀಕರಣದಿಂದ ಉಪ್ಪು ಹೋಗುವುದಿಲ್ಲ, ಬಣ್ಣವೂ ಪೂರ್ತಿ ಹೋಗುವುದಿಲ್ಲ. ಘಟಕಗಳ ಅಕ್ಕಪಕ್ಕದ ಕೊಳವೆಬಾವಿಯ ನೀರು ತಿಳಿಯಾಗಿ ಕಂಡರೂ ಪ್ರಯೋಗಾಲಯದಲ್ಲಿ ಪರೀಕ್ಷಿಸದೆ ಕುಡಿಯಬಾರದು. ಕುದಿಸಿದರೆ ರೋಗಾಣುಗಳು ಸಾಯುತ್ತವೆ, ಉಪ್ಪು ಮತ್ತು ಲೋಹಗಳು ಹಾಗೆಯೇ ಉಳಿಯುತ್ತವೆ.