ಹೆಚ್ಚು ಬೆಲೆಯ ಫ್ಯಾನು, ಕಡಿಮೆ ಖರ್ಚಿನ ಗಾಳಿ

ಅಂಗಡಿಯಲ್ಲಿ ಎರಡು ಸೀಲಿಂಗ್ ಫ್ಯಾನುಗಳು ಅಕ್ಕಪಕ್ಕ ತೂಗುತ್ತಿರುತ್ತವೆ. ಎರಡರ ರೆಕ್ಕೆಯ ಹರವೂ 1200 ಮಿಲಿಮೀಟರ್, ಬೀಸುವ ಗಾಳಿಯೂ ಹೆಚ್ಚುಕಡಿಮೆ ಒಂದೇ. ಒಂದಕ್ಕೆ ಸುಮಾರು 1,500 ರೂಪಾಯಿ. ‘ಬಿಎಲ್‌ಡಿಸಿ’ ಎಂಬ ಚೀಟಿ ಅಂಟಿಸಿಕೊಂಡ ಇನ್ನೊಂದಕ್ಕೆ ಅದರ ದುಪ್ಪಟ್ಟು. ವ್ಯತ್ಯಾಸವಿರುವುದು ಮೋಟಾರಿನಲ್ಲಿ.

ಹಳೆಯ ಬಗೆಯದು ಇಂಡಕ್ಷನ್ ಮೋಟಾರು. ಒಳಗಿನ ತಾಮ್ರದ ಸುರುಳಿಗಳಲ್ಲಿ ವಿದ್ಯುತ್ ಹರಿದಾಗ ಸುತ್ತುವ ಕಾಂತಕ್ಷೇತ್ರ ಹುಟ್ಟುತ್ತದೆ. ಅದು ಹೊರಚಿಪ್ಪಿನ ಅಲ್ಯೂಮಿನಿಯಂ ಪಟ್ಟಿಗಳಲ್ಲಿ ಇನ್ನೊಂದು ಪ್ರವಾಹವನ್ನು ಹುಟ್ಟಿಸಿದರೆ ಮಾತ್ರ ಚಿಪ್ಪು, ಅದರ ಜೊತೆಗೆ ರೆಕ್ಕೆ, ತಿರುಗುತ್ತದೆ. ಇದು ನಡೆಯಬೇಕಾದರೆ ಚಿಪ್ಪು ಸದಾ ಕ್ಷೇತ್ರಕ್ಕಿಂತ ತುಸು ಹಿಂದೆ ಬೀಳುತ್ತಲೇ ಇರಬೇಕು. ಆ ಹಿನ್ನಡೆಯಲ್ಲಿ ಶಕ್ತಿ ಶಾಖವಾಗಿ ಸೋರುತ್ತದೆ. ಗಂಟೆಗಟ್ಟಲೆ ಓಡಿದ ಫ್ಯಾನಿನ ಮೋಟಾರು ಮುಟ್ಟಿದರೆ ಬಿಸಿಯಾಗಿರಲು ಇದೂ ಒಂದು ಕಾರಣ.

ಬಿಎಲ್‌ಡಿಸಿಯಲ್ಲಿ ಚಿಪ್ಪಿಗೇ ಶಾಶ್ವತ ಅಯಸ್ಕಾಂತಗಳನ್ನು ಕೂರಿಸಿರುತ್ತಾರೆ. ಅಲ್ಲಿ ಪ್ರವಾಹ ಹುಟ್ಟಿಸುವ ಗೊಡವೆಯೇ ಇಲ್ಲ. ಪುಟ್ಟದೊಂದು ಸರ್ಕ್ಯೂಟ್ ಬೋರ್ಡು ಮನೆಯ ಎಸಿ ವಿದ್ಯುತ್ತನ್ನು ಡಿಸಿ ಮಾಡಿ, ಯಾವ ಸುರುಳಿಗೆ ಯಾವ ಕ್ಷಣದಲ್ಲಿ ಕೊಡಬೇಕೋ ಕೊಡುತ್ತದೆ. 75 ವಾಟ್ ಬೇಕಿದ್ದ ಕಡೆ ಸುಮಾರು 30 ವಾಟ್ ಸಾಕಾಗುತ್ತದೆ. ವೇಗ ಇಳಿಸಿದಾಗಲಂತೂ ಲಾಭ ಇನ್ನೂ ಎದ್ದು ಕಾಣುತ್ತದೆ. ರೆಕ್ಕೆಯ ವೇಗ ಅರ್ಧವಾದರೆ ಗಾಳಿ ತಳ್ಳಲು ಬೇಕಾದ ಶಕ್ತಿ ಎಂಟನೇ ಒಂದು ಭಾಗಕ್ಕೆ ಕುಸಿಯುತ್ತದೆ. ಹಳೆಯ ಮೋಟಾರಿನಲ್ಲಿ ವೇಗ ತಗ್ಗಿದಷ್ಟೂ ಹಿನ್ನಡೆ ಹೆಚ್ಚುವುದರಿಂದ ಆ ಉಳಿತಾಯ ಪೂರ್ತಿ ಕೈಗೆ ಸಿಗುವುದಿಲ್ಲ.

ಲೆಕ್ಕ ಸರಳ. ದಿನಕ್ಕೆ 12 ಗಂಟೆ, ವರ್ಷಕ್ಕೆ 300 ದಿನ ಪೂರ್ಣ ವೇಗದಲ್ಲಿ ಓಡಿದರೆ 162 ಯೂನಿಟ್ ಉಳಿತಾಯ. ಯೂನಿಟ್ಟಿಗೆ 6 ರೂಪಾಯಿ ಎಂದುಕೊಂಡರೆ ವರ್ಷಕ್ಕೆ 972 ರೂಪಾಯಿ. ಹೆಚ್ಚು ಕೊಟ್ಟ 1,500 ರೂಪಾಯಿ ಎರಡು ವರ್ಷದೊಳಗೇ ವಾಪಸಾಗುತ್ತದೆ. ಮಲಗುವ ಕೋಣೆಗೆ, ಹಾಲಿಗೆ ಇದು ಕಣ್ಣುಮುಚ್ಚಿ ಕೊಳ್ಳಬಹುದಾದ ವಸ್ತು. ನೆಂಟರು ಬಂದಾಗ ಮಾತ್ರ ತೆರೆಯುವ ಕೋಣೆಗೆ ಅಗ್ಗದ್ದೇ ಸರಿ.

ಕರ್ನಾಟಕದಲ್ಲಿ ಈ ಲೆಕ್ಕಕ್ಕೆ ಇನ್ನೊಂದು ತಿರುವಿದೆ. 2023ರಲ್ಲಿ ಬಂದ ‘ಗೃಹಜ್ಯೋತಿ’ ಉಚಿತ ವಿದ್ಯುತ್ ಯೋಜನೆಯಿಂದ ಶೂನ್ಯ ಬಿಲ್ ಪಡೆಯುವ ಮನೆಗೆ ಫ್ಯಾನು ಬದಲಿಸಿದರೂ ಬಿಲ್ಲಿನಲ್ಲಿ ಏನೂ ಉಳಿಯದು. ಆದರೆ ತಿಂಗಳಿಗೆ 200 ಯೂನಿಟ್ ಗಡಿ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಆ ಗಡಿಯ ಆಸುಪಾಸಿನಲ್ಲಿರುವ ಕುಟುಂಬಕ್ಕೆ ಎರಡು ಫ್ಯಾನುಗಳಿಂದ ತಿಂಗಳಿಗೆ ಉಳಿಯುವ ಮೂವತ್ತು ಚಿಲ್ಲರೆ ಯೂನಿಟ್ ದೊಡ್ಡದೇ. ಕರೆಂಟು ಹೋದಾಗ ಯುಪಿಎಸ್ ನೆಚ್ಚುವವರಿಗೂ ಅನುಕೂಲ: ಮೂರು ಫ್ಯಾನುಗಳ ಹೊರೆ 225 ವಾಟಿನಿಂದ 90ಕ್ಕೆ ಇಳಿಯುತ್ತದೆ.

ದುರಸ್ತಿಯ ವಿಷಯದಲ್ಲಿ ಹಳೆಯದೇ ಮೇಲು. ಕೆಪಾಸಿಟರ್, ಬೇರಿಂಗ್, ವೈಂಡಿಂಗ್ ಯಾವುದು ಕೆಟ್ಟರೂ ಬೀದಿಯ ಎಲೆಕ್ಟ್ರಿಷಿಯನ್ ಸರಿಪಡಿಸಬಲ್ಲ. ಹೊಸದರ ಬೋರ್ಡು ಸಿಡಿಲಿಗೋ ವೋಲ್ಟೇಜ್ ಏರುಪೇರಿಗೋ ಸುಟ್ಟರೆ ಅದೇ ಮಾದರಿಯ ಬೋರ್ಡೇ ಬೇಕು. ಹೀಗಾಗಿ ವಾರಂಟಿ ಬೋರ್ಡಿಗೂ ಇದೆಯೇ, ಊರಿನಲ್ಲೇ ಬಿಡಿಭಾಗ ಸಿಗುತ್ತದೆಯೇ ಎಂದು ಕೊಳ್ಳುವ ಮೊದಲೇ ಕೇಳಬೇಕು. 2023ರ ಜನವರಿಯಿಂದ ಸೀಲಿಂಗ್ ಫ್ಯಾನುಗಳಿಗೆ ಸ್ಟಾರ್ ಚೀಟಿ ಕಡ್ಡಾಯವಾಗಿದೆ. ಒಂದು ವಾಟಿಗೆ ನಿಮಿಷಕ್ಕೆ ಎಷ್ಟು ಘನ ಮೀಟರ್ ಗಾಳಿ ಎಂಬುದೇ ಅದರ ಅಳತೆ. 210 ಘನ ಮೀಟರ್ ಬೀಸಲು 75 ವಾಟ್ ಬೇಡುವ ಫ್ಯಾನಿಗೆ ಆ ಅಂಕಿ 2.8, ಅಷ್ಟನ್ನೇ 30 ವಾಟಿನಲ್ಲಿ ಬೀಸುವುದಕ್ಕೆ 7.