ಎವರೆಸ್ಟ್ ಮೂಲ ಶಿಬಿರ ಚಾರಣದ ಪೂರ್ವಸಿದ್ಧತೆ

ಎವರೆಸ್ಟ್ ಮೂಲ ಶಿಬಿರ ಚಾರಣವು ನೇಪಾಳದ ಖುಂಬು ಪ್ರದೇಶದಲ್ಲಿ, ಲುಕ್ಲಾ ಪಟ್ಟಣದಿಂದ ಎವರೆಸ್ಟ್ ಶಿಖರದ ದಕ್ಷಿಣ ಮೂಲ ಶಿಬಿರದವರೆಗೆ (5,364 ಮೀಟರ್) ಕೈಗೊಳ್ಳುವ ಕಾಲ್ನಡಿಗೆಯ ಪ್ರವಾಸವಾಗಿದೆ. ಹೋಗಿಬರುವ ದಾರಿಯ ಉದ್ದ ಸುಮಾರು 130 ಕಿ.ಮೀ. ಇದ್ದು, ಸಾಮಾನ್ಯವಾಗಿ 12ರಿಂದ 14 ದಿನಗಳು ಬೇಕಾಗುತ್ತವೆ. ಹಗ್ಗ ಹಿಡಿದು ಹತ್ತುವ ಪರ್ವತಾರೋಹಣ ಕೌಶಲ ಈ ಚಾರಣಕ್ಕೆ ಬೇಕಿಲ್ಲ. ಆದರೆ ಲುಕ್ಲಾದಿಂದ ಮುಂದೆ ವಾಹನ ಸಂಚಾರವಿಲ್ಲದಿರುವುದು, ಗಾಳಿಯಲ್ಲಿ ಆಮ್ಲಜನಕದ ಒತ್ತಡ ಕಡಿಮೆಯಾಗುವುದು ಹಾಗೂ ಹವಾಮಾನದ ಅನಿಶ್ಚಿತತೆ ಇವುಗಳಿಂದಾಗಿ ಮುಂಚಿತ ಸಿದ್ಧತೆ ಅನಿವಾರ್ಯವಾಗಿದೆ. ಈ ಸಿದ್ಧತೆಯಲ್ಲಿ ದೇಹಬಲಕ್ಕಿಂತಲೂ ಮುಖ್ಯವಾದುದು ಪ್ರಯಾಣದ ದಿನಗಳ ಸರಿಯಾದ ಹಂಚಿಕೆ.

ಹಿನ್ನೆಲೆ

1953ರ ಮೇ 29ರಂದು ತೇನ್‌ಸಿಂಗ್ ನೋರ್ಗೆ ಮತ್ತು ಎಡ್ಮಂಡ್ ಹಿಲರಿ ಎವರೆಸ್ಟ್ ಶಿಖರವನ್ನು ಏರಿದ ಬಳಿಕ ಖುಂಬು ಪ್ರದೇಶವು ಜಗತ್ತಿನ ಗಮನ ಸೆಳೆಯಿತು. ಶಾಲೆ ಹಾಗೂ ಆಸ್ಪತ್ರೆಗಳ ನಿರ್ಮಾಣಕ್ಕೆ ಬೇಕಾದ ಸಾಮಗ್ರಿಗಳನ್ನು ಸಾಗಿಸಲು ಹಿಲರಿಯವರ ನೇತೃತ್ವದಲ್ಲಿ 1964ರಲ್ಲಿ ಲುಕ್ಲಾದಲ್ಲಿ ವಿಮಾನಪಟ್ಟಿ ನಿರ್ಮಾಣವಾಯಿತು. 2008ರಲ್ಲಿ ಇದಕ್ಕೆ ತೇನ್‌ಸಿಂಗ್-ಹಿಲರಿ ವಿಮಾನ ನಿಲ್ದಾಣವೆಂದು ಹೆಸರಿಡಲಾಯಿತು. 1964ರಲ್ಲಿಯೇ ಜಿಮ್ಮಿ ರಾಬರ್ಟ್ಸ್ ಅವರು ನೇಪಾಳದ ಮೊದಲ ಚಾರಣ ಸಂಸ್ಥೆಯನ್ನು ಆರಂಭಿಸಿದರು. 1976ರಲ್ಲಿ ಸ್ಥಾಪಿತವಾದ ಸಾಗರಮಾಥಾ ರಾಷ್ಟ್ರೀಯ ಉದ್ಯಾನವು 1979ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಚಾರಣದ ಹೆಚ್ಚಿನ ಭಾಗ ಈ ಉದ್ಯಾನದೊಳಗೆ ಸಾಗುತ್ತದೆ.

ಎತ್ತರ ಮತ್ತು ದೇಹ

ಎತ್ತರ ಹೆಚ್ಚಿದಂತೆ ಗಾಳಿಯ ಒತ್ತಡ ಕುಸಿಯುತ್ತದೆ. ಗಾಳಿಯಲ್ಲಿ ಆಮ್ಲಜನಕದ ಪ್ರಮಾಣ ಶೇಕಡಾ 21ರಷ್ಟೇ ಇದ್ದರೂ ಪ್ರತಿ ಉಸಿರಿನಲ್ಲಿ ದೇಹಕ್ಕೆ ದೊರೆಯುವ ಆಮ್ಲಜನಕ ಕಡಿಮೆಯಾಗುತ್ತದೆ. ಮೂಲ ಶಿಬಿರದಲ್ಲಿ ಇದು ಸಮುದ್ರಮಟ್ಟದ ಸುಮಾರು ಅರ್ಧದಷ್ಟಿರುತ್ತದೆ. ಈ ಕೊರತೆಗೆ ದೇಹವು ಉಸಿರಾಟದ ವೇಗವನ್ನು ಹೆಚ್ಚಿಸಿಕೊಂಡು, ಕ್ರಮೇಣ ಕೆಂಪು ರಕ್ತಕಣಗಳನ್ನು ಹೆಚ್ಚಿಸಿಕೊಂಡು ಒಗ್ಗಿಕೊಳ್ಳುತ್ತದೆ. ಇದಕ್ಕೆ ದಿನಗಳೇ ಹಿಡಿಯುತ್ತವೆ.

ಒಗ್ಗಿಕೊಳ್ಳುವ ಮೊದಲೇ ಮೇಲೇರಿದಾಗ ಪರ್ವತವ್ಯಾಧಿ ಕಾಣಿಸಿಕೊಳ್ಳಬಹುದು. ತಲೆನೋವು, ಹಸಿವಾಗದಿರುವುದು, ವಾಕರಿಕೆ, ಆಯಾಸ ಮತ್ತು ತಲೆಸುತ್ತು ಇದರ ಆರಂಭಿಕ ಲಕ್ಷಣಗಳು. ಇದನ್ನು ಕಡೆಗಣಿಸಿ ಮುಂದುವರಿದರೆ ಪ್ರಾಣಾಪಾಯ ತರುವ ಎರಡು ಸ್ಥಿತಿಗಳು ಉಂಟಾಗಬಹುದು. ಮೆದುಳಿನ ಊತದಲ್ಲಿ ನಡಿಗೆ ತೂರಾಡುತ್ತದೆ, ಮಾತು ಹಾಗೂ ವಿವೇಚನೆ ಮಂಕಾಗುತ್ತವೆ. ಶ್ವಾಸಕೋಶದಲ್ಲಿ ನೀರು ತುಂಬಿಕೊಂಡಾಗ ವಿಶ್ರಾಂತಿಯಲ್ಲಿಯೂ ಏದುಸಿರು ಮತ್ತು ಕೆಮ್ಮು ಇರುತ್ತವೆ. ಆರಂಭಿಕ ಲಕ್ಷಣಗಳಿಲ್ಲದೆಯೂ ಈ ಎರಡನೆಯ ಸ್ಥಿತಿ ತಲೆದೋರಬಹುದು.

ದೈಹಿಕ ಸಾಮರ್ಥ್ಯವು ಪರ್ವತವ್ಯಾಧಿಯಿಂದ ರಕ್ಷಣೆ ನೀಡುವುದಿಲ್ಲ. ವೇಗವಾಗಿ ನಡೆಯಬಲ್ಲ ಯುವಕರು ಬೇಗನೆ ಎತ್ತರ ತಲುಪುವುದರಿಂದ ಹಲವೊಮ್ಮೆ ಅವರೇ ಹೆಚ್ಚು ಅಪಾಯಕ್ಕೊಳಗಾಗುತ್ತಾರೆ.

ದಿನಗಳ ಹಂಚಿಕೆ

3,000 ಮೀಟರ್ ದಾಟಿದ ಮೇಲೆ ರಾತ್ರಿ ತಂಗುವ ಎತ್ತರವನ್ನು ದಿನಕ್ಕೆ 500 ಮೀಟರ್‌ಗಿಂತ ಹೆಚ್ಚಿಸಬಾರದು ಮತ್ತು ಮೂರು-ನಾಲ್ಕು ದಿನಗಳಿಗೊಮ್ಮೆ ಅದೇ ಎತ್ತರದಲ್ಲಿ ಇನ್ನೊಂದು ರಾತ್ರಿ ಕಳೆಯಬೇಕು ಎಂಬುದು ವೈದ್ಯಕೀಯವಾಗಿ ಒಪ್ಪಿತವಾದ ನಿಯಮ. ಇದನ್ನು ಅನುಸರಿಸುವ ಸಾಮಾನ್ಯ ಪ್ರಯಾಣಕ್ರಮ ಹೀಗಿದೆ:

1ನೇ ದಿನ: ಲುಕ್ಲಾ (2,860 ಮೀ.) – ಫಾಕ್ಡಿಂಗ್ (2,610 ಮೀ.)
2ನೇ ದಿನ: ನಾಮ್ಚೆ ಬಜಾರ್ (3,440 ಮೀ.)
3ನೇ ದಿನ: ನಾಮ್ಚೆಯಲ್ಲಿಯೇ ವಾಸ್ತವ್ಯ
4ನೇ ದಿನ: ತೆಂಗ್ಬೋಚೆ (3,860 ಮೀ.)
5ನೇ ದಿನ: ಡಿಂಗ್ಬೋಚೆ (4,410 ಮೀ.)
6ನೇ ದಿನ: ಡಿಂಗ್ಬೋಚೆಯಲ್ಲಿಯೇ ವಾಸ್ತವ್ಯ
7ನೇ ದಿನ: ಲೊಬುಚೆ (4,940 ಮೀ.)
8ನೇ ದಿನ: ಗೋರಕ್ ಶೆಪ್ (5,164 ಮೀ.), ಅಲ್ಲಿಂದ ಮೂಲ ಶಿಬಿರಕ್ಕೆ ಹೋಗಿ ಹಿಂದಿರುಗುವುದು
9ರಿಂದ 12ನೇ ದಿನ: ಇಳಿಯುವ ಪ್ರಯಾಣ

ಇದರಲ್ಲಿಯೂ ಕೆಲವು ದಿನಗಳ ಏರಿಕೆ 500 ಮೀಟರ್ ಮೀರುತ್ತದೆ. ಫಾಕ್ಡಿಂಗ್‌ನಿಂದ ನಾಮ್ಚೆಗೆ ಒಂದೇ ದಿನದಲ್ಲಿ 830 ಮೀಟರ್ ಏರಬೇಕಾಗುತ್ತದೆ. ನಾಮ್ಚೆ ಮತ್ತು ಡಿಂಗ್ಬೋಚೆಗಳಲ್ಲಿ ಉಳಿಯುವ ಹೆಚ್ಚುವರಿ ದಿನಗಳು ಈ ಏರಿಕೆಯನ್ನು ಸರಿದೂಗಿಸುತ್ತವೆ. ಆ ದಿನಗಳಲ್ಲಿ ಸಮೀಪದ ಗುಡ್ಡವನ್ನು ನಿಧಾನವಾಗಿ ಹತ್ತಿ, ರಾತ್ರಿಗೆ ಕೆಳಗಿಳಿದು ಮಲಗುವುದು ರೂಢಿ. ಖರ್ಚು ಉಳಿಸಲು ಈ ದಿನಗಳನ್ನು ಕೈಬಿಟ್ಟಿರುವ ಪ್ರವಾಸ ಯೋಜನೆಯು ಕಡಿಮೆ ದರದ್ದಾಗಿದ್ದರೂ ಆಯ್ಕೆಗೆ ಯೋಗ್ಯವಲ್ಲ.

ಹವಾಮಾನ ಕೆಟ್ಟಾಗ ಲುಕ್ಲಾದ ವಿಮಾನಗಳು ದಿನಗಟ್ಟಲೆ ರದ್ದಾಗುವುದುಂಟು. ಪ್ರವಾಸಿಗರ ದಟ್ಟಣೆಯ ತಿಂಗಳುಗಳಲ್ಲಿ ಅನೇಕ ವಿಮಾನಗಳು ಕಠ್ಮಂಡುವಿನ ಬದಲು ರಾಮೆಛಾಪ್‌ನಿಂದ ಹೊರಡುತ್ತವೆ. ಅಲ್ಲಿಗೆ ಕಠ್ಮಂಡುವಿನಿಂದ ನಾಲ್ಕೈದು ಗಂಟೆಗಳ ರಸ್ತೆ ಪ್ರಯಾಣವಿದೆ. ಆದ್ದರಿಂದ ಊರಿಗೆ ಮರಳುವ ಟಿಕೆಟಿಗೆ ಮುನ್ನ ಕನಿಷ್ಠ ಎರಡು ದಿನಗಳನ್ನು ಬಿಡುವಾಗಿ ಇಟ್ಟುಕೊಳ್ಳಬೇಕು. ಇಲ್ಲವಾದರೆ ವಿಮಾನ ತಪ್ಪುವ ಆತಂಕದಲ್ಲಿ ಮೇಲಿನ ವಿಶ್ರಾಂತಿ ದಿನಗಳನ್ನೇ ಕಡಿತಗೊಳಿಸುವ ಒತ್ತಡ ಉಂಟಾಗುತ್ತದೆ.

ದೈಹಿಕ ತಯಾರಿ

ಚಾರಣಕ್ಕೆ ಎರಡು-ಮೂರು ತಿಂಗಳು ಮೊದಲೇ ಅಭ್ಯಾಸ ಆರಂಭಿಸುವುದು ಒಳಿತು. ಸಮತಟ್ಟಿನ ನಡಿಗೆಗಿಂತ ಬೆನ್ನಿಗೆ ಭಾರ ಹೊತ್ತು ಮೆಟ್ಟಿಲು ಅಥವಾ ಗುಡ್ಡ ಹತ್ತಿ ಇಳಿಯುವುದು ಹೆಚ್ಚು ಉಪಯುಕ್ತ. ಇಳಿಯುವಾಗ ಮೊಣಕಾಲಿನ ಮೇಲೆ ಬೀಳುವ ಒತ್ತಡಕ್ಕೂ ಇದರಿಂದ ರೂಢಿಯಾಗುತ್ತದೆ. ಕರ್ನಾಟಕದಿಂದ ಹೊರಡುವವರಿಗೆ ಪಶ್ಚಿಮಘಟ್ಟದ ಬೆಟ್ಟಗಳು ಕಾಲುಗಳ ತಯಾರಿಗೆ ಅನುಕೂಲಕರವಾಗಿವೆ. ಆದರೆ ರಾಜ್ಯದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯ ಎತ್ತರ ಸುಮಾರು 1,930 ಮೀಟರ್ ಮಾತ್ರ. ಚಾರಣ ಆರಂಭವಾಗುವ ಲುಕ್ಲಾ ಅದಕ್ಕಿಂತ ಸುಮಾರು 900 ಮೀಟರ್ ಮೇಲಿದೆ. ಹೀಗಾಗಿ ಇಲ್ಲಿನ ಅಭ್ಯಾಸವು ಎತ್ತರಕ್ಕೆ ಒಗ್ಗಿಕೊಳ್ಳಲು ನೆರವಾಗುವುದಿಲ್ಲ.

ಹೃದಯ ಅಥವಾ ಶ್ವಾಸಕೋಶದ ಕಾಯಿಲೆ, ಅಧಿಕ ರಕ್ತದೊತ್ತಡ, ಮಧುಮೇಹ ಉಳ್ಳವರು ಮತ್ತು ಗರ್ಭಿಣಿಯರು ಮೊದಲೇ ವೈದ್ಯರ ಸಲಹೆ ಪಡೆಯಬೇಕು. ಪರ್ವತವ್ಯಾಧಿಯನ್ನು ತಡೆಯಲು ಬಳಸುವ ಅಸೆಟಜೋಲಮೈಡ್ ಮಾತ್ರೆಯನ್ನೂ ವೈದ್ಯರ ಸೂಚನೆಯಂತೆಯೇ ಸೇವಿಸಬೇಕು. ಸಲ್ಫಾ ಔಷಧಿಗಳ ಅಲರ್ಜಿ ಇರುವವರು ಅದನ್ನು ವೈದ್ಯರಿಗೆ ತಿಳಿಸುವುದು ಅಗತ್ಯ. ಈ ಮಾತ್ರೆ ಒಗ್ಗಿಕೊಳ್ಳುವಿಕೆಯನ್ನು ಚುರುಕುಗೊಳಿಸುತ್ತದೆಯೇ ಹೊರತು ಅವಸರದ ಏರಿಕೆಗೆ ಪರವಾನಗಿಯಲ್ಲ. ಮದ್ಯಪಾನ ಮತ್ತು ನಿದ್ರೆಮಾತ್ರೆಗಳು ವರ್ಜ್ಯ.

ಉಡುಪು ಮತ್ತು ಸಾಮಗ್ರಿ

ಮಾರ್ಚ್‌ನಿಂದ ಮೇ ಮತ್ತು ಅಕ್ಟೋಬರ್-ನವೆಂಬರ್ ಚಾರಣಕ್ಕೆ ಸೂಕ್ತವಾದ ಕಾಲ. ನವೆಂಬರ್‌ನ ರಾತ್ರಿಗಳಲ್ಲಿ ಗೋರಕ್ ಶೆಪ್‌ನ ತಾಪಮಾನ ಶೂನ್ಯಕ್ಕಿಂತ 10 ಡಿಗ್ರಿ ಸೆಲ್ಸಿಯಸ್ ಕೆಳಗೆ ಇಳಿಯುವುದು ಸಾಮಾನ್ಯ. ದಪ್ಪನೆಯ ಒಂದೇ ಉಡುಪಿಗಿಂತ ಪದರ ಪದರವಾಗಿ ಧರಿಸುವ ಉಡುಪುಗಳು ಅನುಕೂಲಕರ: ಬೆವರು ಹೀರುವ ಒಳಪದರ, ಬೆಚ್ಚಗಿಡುವ ಉಣ್ಣೆ ಅಥವಾ ಫ್ಲೀಸ್‌ನ ನಡುಪದರ, ಗಾಳಿ ಮತ್ತು ಮಳೆಯನ್ನು ತಡೆಯುವ ಹೊರಪದರ. ಹತ್ತಿಯ ಬಟ್ಟೆ ಒದ್ದೆಯಾದರೆ ಬೇಗ ಒಣಗದೆ ದೇಹದ ಶಾಖವನ್ನು ಕಳೆಯುವುದರಿಂದ ಅದು ಸೂಕ್ತವಲ್ಲ.

ಬೂಟುಗಳನ್ನು ಚಾರಣಕ್ಕೆ ಮೊದಲೇ ಹಲವು ವಾರ ಧರಿಸಿ ಕಾಲಿಗೆ ಹೊಂದಿಸಿಕೊಳ್ಳಬೇಕು. ಚಳಿ ತಡೆಯುವ ಮಲಗುಚೀಲ, ಕೈಗವಸು, ಉಣ್ಣೆ ಟೋಪಿ, ತಲೆಗೆ ಕಟ್ಟುವ ದೀಪ, ಊರುಗೋಲು, ನೇರಳಾತೀತ ಕಿರಣ ತಡೆಯುವ ಕನ್ನಡಕ, ನೀರು ಶುದ್ಧೀಕರಿಸುವ ಮಾತ್ರೆ ಹಾಗೂ ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇತರ ಅಗತ್ಯಗಳು. ಲುಕ್ಲಾ ವಿಮಾನಗಳಲ್ಲಿ ಸಾಮಾನ್ಯವಾಗಿ ಒಟ್ಟು 15 ಕಿ.ಗ್ರಾಂ. ಸಾಮಾನಿಗೆ ಮಾತ್ರ ಅವಕಾಶವಿದೆ.

ಮಾರ್ಗದರ್ಶಿ ಮತ್ತು ಹೊರೆಯಾಳುಗಳು

ಮಾರ್ಗದರ್ಶಿಯು ದಾರಿ ತೋರಿಸುವುದರ ಜೊತೆಗೆ ತಂಡದ ಸದಸ್ಯರ ಆರೋಗ್ಯದ ಮೇಲೆ ನಿಗಾ ಇಡುತ್ತಾರೆ. ಆಯ್ಕೆಗೆ ಮುನ್ನ ಅವರ ಸರ್ಕಾರಿ ಪರವಾನಗಿ, ಪ್ರಥಮ ಚಿಕಿತ್ಸೆಯ ತರಬೇತಿ, ತಂಡದ ಗಾತ್ರ ಮತ್ತು ಒಬ್ಬ ಸದಸ್ಯರು ಅಸ್ವಸ್ಥರಾದಾಗ ಜೊತೆಯಲ್ಲಿ ಕೆಳಗಿಳಿಯಲು ಎರಡನೆಯ ಮಾರ್ಗದರ್ಶಿ ಇದ್ದಾರೆಯೇ ಎಂಬುದನ್ನು ವಿಚಾರಿಸಬೇಕು.

ಶೆರ್ಪಾ ಎಂಬುದು ಒಂದು ಜನಾಂಗದ ಹೆಸರು. ಹೊರೆಯಾಳು ಎಂಬ ಅರ್ಥದಲ್ಲಿ ಅದನ್ನು ಬಳಸುವುದು ತಪ್ಪು. ಹೊರೆಯಾಳುಗಳಲ್ಲಿ ಅನೇಕರು ಕೆಳಗಿನ ಕಣಿವೆಗಳ ರಾಯ್, ತಮಾಂಗ್, ಮಗರ್ ಮೊದಲಾದ ಸಮುದಾಯಗಳಿಗೆ ಸೇರಿದವರು. ತಗ್ಗಿನ ಪ್ರದೇಶದಿಂದ ಬಂದ ಇವರಿಗೂ ಪರ್ವತವ್ಯಾಧಿ ಬಾಧಿಸುತ್ತದೆ. ಕೂಲಿ ಕಳೆದುಕೊಳ್ಳುವ ಭಯದಿಂದ ಅವರು ಅದನ್ನು ಮರೆಮಾಚುವುದೂ ಉಂಟು. ಅವರಿಗೆ ಬೆಚ್ಚನೆಯ ಉಡುಪು, ರಾತ್ರಿ ತಂಗುವ ಸ್ಥಳ, ವಿಮೆ ಮತ್ತು 30 ಕಿ.ಗ್ರಾಂ. ಮೀರದ ಹೊರೆಯನ್ನು ಸಂಸ್ಥೆ ಖಾತರಿಪಡಿಸಿದೆಯೇ ಎಂದು ಕೇಳಿ ತಿಳಿಯುವುದು ಚಾರಣಿಗರ ಹೊಣೆಯೂ ಆಗಿದೆ.

ಅನುಮತಿ ಮತ್ತು ವಿಮೆ

ಭಾರತೀಯ ಪ್ರಜೆಗಳಿಗೆ ನೇಪಾಳ ಪ್ರವೇಶಕ್ಕೆ ವೀಸಾ ಬೇಕಿಲ್ಲ. ವಿಮಾನದಲ್ಲಿ ಹೋಗುವ ವಯಸ್ಕರು ಪಾಸ್‌ಪೋರ್ಟ್ ಅಥವಾ ಚುನಾವಣಾ ಆಯೋಗದ ಮತದಾರರ ಗುರುತಿನ ಚೀಟಿ ಹೊಂದಿರಬೇಕು. ಚಾರಣಕ್ಕೆ ಸಾಗರಮಾಥಾ ರಾಷ್ಟ್ರೀಯ ಉದ್ಯಾನದ ಹಾಗೂ ಖುಂಬು ಪಾಸಾಂಗ್ ಲ್ಹಾಮು ಗ್ರಾಮೀಣ ಪುರಸಭೆಯ ಪ್ರವೇಶಪತ್ರಗಳು ಅಗತ್ಯ. ಉದ್ಯಾನದ ಶುಲ್ಕದಲ್ಲಿ ಸಾರ್ಕ್ ದೇಶಗಳ ಪ್ರಜೆಗಳಿಗೆ ರಿಯಾಯಿತಿ ಇದೆ.

ಅನೇಕ ಪ್ರವಾಸ ವಿಮೆಗಳು ನಿರ್ದಿಷ್ಟ ಎತ್ತರದ ಮೇಲಿನ ಚಾರಣವನ್ನು ಒಳಗೊಳ್ಳುವುದಿಲ್ಲ. ವಿಮಾಪತ್ರದಲ್ಲಿ ಕನಿಷ್ಠ 5,600 ಮೀಟರ್‌ವರೆಗಿನ ಚಾರಣ ಮತ್ತು ಹೆಲಿಕಾಪ್ಟರ್ ರಕ್ಷಣೆ ಎರಡೂ ಸ್ಪಷ್ಟವಾಗಿ ನಮೂದಾಗಿರಬೇಕು.

ಹಿಂದಿರುಗುವ ನಿರ್ಧಾರ

ಪರ್ವತವ್ಯಾಧಿಯ ಲಕ್ಷಣಗಳಿದ್ದಾಗ ಮೇಲೇರಬಾರದು; ಲಕ್ಷಣಗಳು ಉಲ್ಬಣಿಸಿದರೆ ತಕ್ಷಣ ಕೆಳಗಿಳಿಯಬೇಕು. ಗಂಭೀರ ಸ್ಥಿತಿಯಲ್ಲಿ ಬೆಳಗಾಗುವವರೆಗೆ ಕಾಯುವುದೂ ಅಪಾಯಕರ. ಅಸ್ವಸ್ಥರನ್ನು ಒಂಟಿಯಾಗಿ ಕಳುಹಿಸಬಾರದು. 1973ರಲ್ಲಿ ಸ್ಥಾಪಿತವಾದ ಹಿಮಾಲಯನ್ ರೆಸ್ಕ್ಯೂ ಅಸೋಸಿಯೇಷನ್ ಚಾರಣದ ಋತುಗಳಲ್ಲಿ ಫೆರಿಚೆಯಲ್ಲಿ ಚಿಕಿತ್ಸಾ ಕೇಂದ್ರವನ್ನು ನಡೆಸುತ್ತದೆ.

ಮೆದುಳಿನ ಊತ ಉಂಟಾದವರು ತಮ್ಮ ಸ್ಥಿತಿಯನ್ನು ತಾವೇ ಅರಿಯಲಾರರು. ಆದ್ದರಿಂದ ಹಿಂದಿರುಗಬೇಕಾದ ಸಂದರ್ಭಗಳಾವುವು, ಅದನ್ನು ನಿರ್ಧರಿಸುವವರು ಯಾರು ಎಂಬುದನ್ನು ಹೊರಡುವ ಮೊದಲೇ ತಂಡದಲ್ಲಿ ಒಪ್ಪಿಕೊಂಡಿರಬೇಕು. ಹಣ ಮತ್ತು ರಜೆ ವ್ಯರ್ಥವಾಗುತ್ತದೆಂಬ ಯೋಚನೆಯೇ ಮೇಲೆ ಈ ನಿರ್ಧಾರವನ್ನು ಕಠಿಣಗೊಳಿಸುತ್ತದೆ.

ದಾರಿಯ ನಿಯಮಗಳು

ಯಾಕ್ ಮತ್ತು ಹೇಸರಗತ್ತೆಗಳ ಸಾಲು ಎದುರಾದಾಗ ಕಣಿವೆಯ ಅಂಚಿಗೆ ಸರಿಯದೆ ಬೆಟ್ಟದ ಬದಿಗೆ ನಿಲ್ಲಬೇಕು. ಬೌದ್ಧ ಮಂತ್ರಗಳನ್ನು ಕೆತ್ತಿದ ಮಣಿ ಶಿಲೆಗಳನ್ನು ಬಲಕ್ಕಿಟ್ಟುಕೊಂಡು ಎಡಬದಿಯಿಂದ ದಾಟುವುದು ಸ್ಥಳೀಯ ಸಂಪ್ರದಾಯ. 1991ರಿಂದ ಕಾರ್ಯನಿರತವಾಗಿರುವ ಸಾಗರಮಾಥಾ ಮಾಲಿನ್ಯ ನಿಯಂತ್ರಣ ಸಮಿತಿಯು ಪ್ರದೇಶದ ಕಸದ ನಿರ್ವಹಣೆಯನ್ನು ನೋಡಿಕೊಳ್ಳುತ್ತದೆ. ಇಳಿಯುವ ಚಾರಣಿಗರು ಒಂದು ಕಿಲೋಗ್ರಾಂ ಕಸದ ಚೀಲವನ್ನು ಲುಕ್ಲಾವರೆಗೆ ಒಯ್ಯುವ ವ್ಯವಸ್ಥೆಯೂ ಅಲ್ಲಿ ಜಾರಿಗೆ ಬಂದಿದೆ.