ಕೋವಿಗೆ ತಕ್ಕ ತೋಟಾ

ನಂಜನಗೂಡಿನಿಂದ ಕಪಿಲೆಯ ದಂಡೆ ಹಿಡಿದು ತಿರುಮಕೂಡಲು ನರಸೀಪುರದ ಕಡೆಗೆ ಸಾಗುವ ದಾರಿಯ ಹಳ್ಳಿಯೊಂದರಲ್ಲಿ, ಆಯುಧಪೂಜೆಯ ದಿನ, ನೇಗಿಲು, ಕುಡುಗೋಲು, ಮಚ್ಚುಗಳ ಜೊತೆಯಲ್ಲಿ ಅರಿಶಿನ ಕುಂಕುಮವನ್ನು ಧರಿಸಿ ಗೋಡೆಗೊರಗಿದ್ದ ಹಳೆಯ ರೈಫಲೊಂದು ನನ್ನ ಕಣ್ಣಿಗೆ ಬಿದ್ದಿತು. ಅಂಗಾಂಗಗಳಲ್ಲಿ ಅದು ಬ್ರಿಟಿಷ್ ಸೈನಿಕರ ಲೀ-ಎನ್‌ಫೀಲ್ಡ್ ಕೋವಿಯ ಒಡಹುಟ್ಟೇ ಸರಿ. ಆದರೆ ಪರವಾನಗಿಯುಳ್ಳ ರೈತನೊಬ್ಬನ ಸ್ವತ್ತು. ಮನೆಯ ಮೊಮ್ಮಗ ನನ್ನನ್ನು ಕೇಳಿದ: “ಇದ್ರ ತೋಟಾ ಸಿಗೋದೇ ಕಷ್ಟ ಸಾ. ಪೊಲೀಸ್ನೋರ 7.62 ತೋಟಾ ಹಿಡ್ಯಂಗೆ ಗೂಡು ಕೊರೆಸ್ಬೋದಾ?” ಜಗಲಿಯ ಮೇಲಿದ್ದ ತಾತ ತಲೆಯೆತ್ತದೆಯೇ ನುಡಿದರು: “ಮುಟ್ಬ್ಯಾಡ ಕನ್ಲಾ. ಹುಟ್ಟಿದಂಗೇ ಇರ್ಲಿ.”

ಹುಡುಗನ ಪ್ರಶ್ನೆ ಅವಿವೇಕದ್ದಲ್ಲ. 2022ರ ಕೊನೆಯ ತಿಂಗಳುಗಳಲ್ಲಿ ನರಸೀಪುರ ತಾಲ್ಲೂಕಿನಲ್ಲಿ ಚಿರತೆಯ ಬಾಯಿಗೆ ಮನುಷ್ಯರೇ ತುತ್ತಾದುದನ್ನು ಕಂಡವರಿಗೆ, ಕಬ್ಬಿನ ಗದ್ದೆಯ ಅಂಚಿನಲ್ಲಿ ಮನೆ ಮಾಡಿಕೊಂಡವರ ಅಂಜಿಕೆ ಎಂಥದೆಂಬುದು ತಿಳಿದೇ ಇದೆ. ಆದರೂ ತಾತನ ಮಾತೇ ಸರಿಯೆಂಬುದಕ್ಕೆ ಉಕ್ಕಿನಲ್ಲಿಯೂ ಕಾರಣವುಂಟು, ಇತಿಹಾಸದಲ್ಲಿಯೂ ಉಂಟು.

ತೋಟಾ ಎಂಬುದು ಬರಿಯ ಗುಂಡಲ್ಲ. ಹಿತ್ತಾಳೆಯ ಕೋಶ, ಅದರ ಬುಡದಲ್ಲಿ ಕೇಪು, ಒಡಲಲ್ಲಿ ಮದ್ದು, ಬಾಯಲ್ಲಿ ಗುಂಡು, ಇವೆಲ್ಲವೂ ಸೇರಿ ಒಂದು ತೋಟಾ. ನಳಿಕೆಯ ಹಿಂತುದಿಯಲ್ಲಿ ಅದು ಕೂರುವ ಗೂಡು ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲದೆ ಅದರ ಆಕಾರಕ್ಕೆ ಒಪ್ಪುವಂತಿರಬೇಕು. ಏಕೆಂದರೆ ಮದ್ದು ಉರಿದ ಕ್ಷಣದಲ್ಲಿ ನಾವು ಉಸಿರಾಡುವ ಗಾಳಿಯ ಒತ್ತಡಕ್ಕಿಂತ 3,000 ಪಟ್ಟಿಗೂ ಮಿಗಿಲಾದ ಒತ್ತಡ ಒಳಗೆ ಹುಟ್ಟುವಾಗ, ತೆಳುವಾದ ಹಿತ್ತಾಳೆಯನ್ನು ಸುತ್ತಲಿಂದ ಅಪ್ಪಿ ಹಿಡಿದು ಒಡೆಯದಂತೆ ಕಾಯುವುದು ಗೂಡಿನ ಗೋಡೆಯೇ. ಗೂಡು ಸಡಿಲವಾದರೆ ಕೋಶ ಸೀಳುತ್ತದೆ, ಕಾದ ಅನಿಲವು ಹೊಡೆಯುವವನ ಮುಖಕ್ಕೇ ನುಗ್ಗುತ್ತದೆ.

ಗೂಡನ್ನು ಕೊರೆದು ಹಿಗ್ಗಿಸಬಹುದು, ಕುಗ್ಗಿಸಲಾಗದು. ಹಳೆಯ ಸೈನಿಕ ರೈಫಲಿಗೆ ಹೊಸ ತೋಟಾ ಆರಿಸುವ ವಿದ್ಯೆಯೆಲ್ಲ ಈ ಒಂದು ಮಾತಿನ ಮೇಲೆ ನಿಂತಿದೆ. ಮೊದಲನೆಯ ಮಹಾಯುದ್ಧಾನಂತರ ವರ್ಸೈಲ್ಸ್ ಒಪ್ಪಂದದ ಕಟ್ಟಿಗೆ ಸಿಕ್ಕಿದ ಜರ್ಮನರು, 57 ಮಿಲಿಮೀಟರ್ ಉದ್ದದ ತಮ್ಮ ಸೈನಿಕ ತೋಟಾವನ್ನು ಬಿಟ್ಟು, ಅದೇ ಗಾತ್ರದ ಗುಂಡಿಗೆ 60 ಮಿಲಿಮೀಟರಿನ ಕೋಶವನ್ನು ತೊಡಿಸಿದರು. ಅವರ ಸೈನ್ಯದ ಮೌಸರ್ ರೈಫಲಿನ ಗೂಡನ್ನು ಮೂರೇ ಮಿಲಿಮೀಟರ್ ಮುಂದಕ್ಕೆ ಕೊರೆದರೆ ಕೆಲಸ ಮುಗಿಯಿತು. ನಳಿಕೆ ಹಳೆಯದೇ, ಗುಂಡಿನ ಗಾತ್ರವೂ ಹಳೆಯದೇ. ಇದಕ್ಕಿಂತ ವಿವೇಕದ ಆಯ್ಕೆಯನ್ನು ನಾನು ಕಾಣೆ.

ನಮ್ಮ ನಾಡಿನ ಕಥೆ ಬೇರೆಯ ದಾರಿ ಹಿಡಿಯಿತು. ತನ್ನ ಸೈನ್ಯದ ತೋಟಾ ಪ್ರಜೆಗಳ ಕೋವಿಯಲ್ಲಿ ಕೂರಬಾರದೆಂಬುದು ಬ್ರಿಟಿಷ್ ಸರ್ಕಾರದ ಎಣಿಕೆಯಾಗಿತ್ತು. ಆದುದರಿಂದ, ಸೈನ್ಯದ .303 ತೋಟಾ ನಿಷಿದ್ಧವಾಗಿದ್ದ ಈ ದೇಶದ ಬೇಟೆಗಾರರಿಗಾಗಿ ಅದೇ ಲೀ-ಎನ್‌ಫೀಲ್ಡ್ ಯಂತ್ರಕ್ಕೆ ಆರಿಸಿದುದು ಆಸ್ಟ್ರಿಯಾ-ಹಂಗೇರಿಯ ಸೈನ್ಯದ 8 ಮಿಲಿಮೀಟರ್ ಮ್ಯಾನ್‌ಲಿಕರ್ ತೋಟಾ. ನಮ್ಮಲ್ಲಿ ಅದರ ಹೆಸರು .315. ಬುಡದ ಅಂಚು .303ರದಕ್ಕೆ ಬಹಳ ಹತ್ತಿರ, ಆದುದರಿಂದ ತೋಟಾವನ್ನು ಹಿಂದಿನಿಂದ ಹಿಡಿಯುವ ಬೋಲ್ಟು ಒಪ್ಪಿಕೊಂಡಿತು. ಕೋಶ ಮಾತ್ರ 56ರ ಬದಲು 50 ಮಿಲಿಮೀಟರ್ ಉದ್ದ, ಗುಂಡು ಇನ್ನಷ್ಟು ದಪ್ಪ. ಆದುದರಿಂದ ಬರಿಯ ಗೂಡನ್ನು ಕೊರೆದರೆ ಸಾಲದೆ ನಳಿಕೆಯೇ ಬೇರೆಯಾಗಬೇಕಾಯಿತು. ಸ್ವಾತಂತ್ರ್ಯಾನಂತರ ಬಂಗಾಳದ ಇಷಾಪುರದ ಸರ್ಕಾರಿ ಕಾರ್ಖಾನೆ ಈ .315 ರೈಫಲನ್ನು ತಯಾರಿಸುತ್ತ ಬಂದಿತು. ಸೆರೆಮನೆಯ ಕಾವಲುಗಾರರಿಗೆಂದು .303 ರೈಫಲಿನ ನಳಿಕೆಯನ್ನು ನುಣುಪಾಗಿ ಕೊರೆದು .410 ಮಸ್ಕೆಟ್ ಮಾಡಿದ್ದೂ ಉಂಟು.

ಈಗ ಹುಡುಗನ ಪ್ರಶ್ನೆಗೆ ಬರೋಣ. 7.62ರ ತೋಟಾಕ್ಕಿಂತ ಅವನ .315 ಕೋವಿಯ ಗೂಡು ಬುಡದಲ್ಲಿ ಸುಮಾರು ಅರ್ಧ ಮಿಲಿಮೀಟರಿನಷ್ಟು ಈಗಾಗಲೇ ಅಗಲ. ಇನ್ನು ಕೊರೆಯುವುದಾದರೂ ಏನನ್ನು? .315 ತೋಟಾ ತನ್ನ ಬುಡದ ಅಂಚಿನಿಂದ ಗೂಡಿನ ಬಾಯಿಗೆ ಆತುಕೊಂಡು ನಿಲ್ಲುತ್ತದೆ, 7.62ಕ್ಕೆ ಅಂಥ ಅಂಚೇ ಇಲ್ಲವಾಗಿ ಆ ಆಧಾರ ಅದಕ್ಕೆ ಸಿಗದು. ಅದರ ಗುಂಡು ಈ ನಳಿಕೆಗೆ ಸಣ್ಣದಾದ್ದರಿಂದ ಒಳಗಿನ ಸುರುಳಿಗೀರುಗಳು ಅದನ್ನು ಹಿಡಿದು ತಿರುಗಿಸಲಾರವು. ಇಷಾಪುರದವರೇ 1960ರ ದಶಕದಲ್ಲಿ ಈ ವಂಶದ ರೈಫಲನ್ನು 7.62ಕ್ಕೆ ಹೊಂದಿಸಿದಾಗ ಹಳೆಯದನ್ನು ಕೊರೆಯಲಿಲ್ಲ, ಹೆಚ್ಚು ಗಟ್ಟಿಯಾದ ಉಕ್ಕಿನಿಂದ ಹೊಸದನ್ನೇ ಮಾಡಿದರು.

ಕಾನೂನು ಕೂಡ ಗೂಡನ್ನೇ ನೋಡುತ್ತದೆ. 1962ರ ಆಯುಧ ನಿಯಮಗಳು ನಿಷೇಧಿಸಿದ್ದು .303 ಅಥವಾ 7.62 ಬೋರಿನ ರೈಫಲನ್ನು ಮಾತ್ರವಲ್ಲ, ಆ ಸೈನಿಕ ತೋಟಾಗಳನ್ನು ಹಿಡಿದು ಹಾರಿಸಬಲ್ಲ ಯಾವುದೇ ಬೋರಿನ ರೈಫಲನ್ನು. ಪರವಾನಗಿಯಿಲ್ಲದ ಕೈಯಿಂದ ಆಯುಧವನ್ನು ಮಾರ್ಪಡಿಸುವುದೇ 1959ರ ಅಧಿನಿಯಮದಂತೆ ಅಪರಾಧ. ಚಿರತೆಯ ವಿಷಯದಲ್ಲಿಯೂ, ಪ್ರಾಣರಕ್ಷಣೆಗೆ ಬೇರೆ ದಾರಿಯಿಲ್ಲದ ಗಳಿಗೆಯೊಂದನ್ನುಳಿದು, ಅಧಿಕಾರಿಗಳ ಆಜ್ಞೆಯಿಲ್ಲದೆ ಗುಂಡು ಹಾರಿಸಲು 1972ರ ವನ್ಯಜೀವಿ ಕಾಯಿದೆ ಬಿಡುವುದಿಲ್ಲ.

ಇಷ್ಟನ್ನೂ ಹೇಳಿದ ಮೇಲೆ ಹುಡುಗ ರೈಫಲನ್ನೆತ್ತಿ, ಬೋಲ್ಟನ್ನು ಹಿಂದಕ್ಕೆಳೆದು, ಬರಿದಾದ ಗೂಡಿನೊಳಕ್ಕೆ ಬಹಳ ಹೊತ್ತು ನೋಡಿದ. ಚುನಾವಣೆಯ ಸಮಯದಲ್ಲಿ ಠಾಣೆಗೆ ಒಪ್ಪಿಸಿದ್ದಾಗ ಕಟ್ಟಿದ ಚೀಟಿಯೊಂದು ಕೋವಿಯ ಕುದುರೆಯ ಬಳಿ ಇನ್ನೂ ದಾರದಲ್ಲಿ ನೇತಾಡುತ್ತಿತ್ತು. ಹೆಸರಿನ ಮಸಿ ಮಾಸಿತ್ತು, ಅದರ ಕೆಳಗೆ .315 ಎಂಬುದು ಮಾತ್ರ ಸ್ಪಷ್ಟವಾಗಿ ಕಾಣುತ್ತಿತ್ತು.